ನನ್ನ ಕಥೆಯಲ್ಲಿದ್ದ ಸೊನ್ನೆಗಳು

ನನ್ನ ಮೊದಲ ಕಥಾ ಸಂಕಲನ ಅಚ್ಚಾಗಿದ್ದು 2011ರಲ್ಲಿ. ಐನೂರು ಪ್ರತಿ. ಸಾಗರದಲ್ಲಿ ಒಂದು ಸಣ್ಣ ಬಿಡುಗಡೆ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಬಂದವರಿಗೆ ಅವಲಕ್ಕಿ, ಕಾಫಿ. ಅದಾದ ಮೇಲೆ ಒಂಬತ್ತು ವರ್ಷದಲ್ಲಿ ನನಗೆ ಬಂದ ಓದುಗರ ಪತ್ರ ಒಟ್ಟು ಆರು. ಐದು ಇನ್‌ಲ್ಯಾಂಡ್ ಲೆಟರ್, ಒಂದು ಪೋಸ್ಟ್ ಕಾರ್ಡು. ಆರನ್ನೂ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದೇನೆ. ಎಷ್ಟು ಸಲ ಬಿಡಿಸಿ ಓದಿದ್ದೇನೆ ಅಂದರೆ, ಮಡಿಕೆ ಬಿದ್ದ ಜಾಗದಲ್ಲಿ ಕಾಗದ ಹರಿದಿದೆ.

ಮಾರಾಟವಾಗದೆ ಉಳಿದ ಪುಸ್ತಕ ಅಟ್ಟ ಸೇರಿತ್ತು. ನೂರಾ ಎಂಬತ್ತು ಪ್ರತಿ. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪ್ರತಿ ವರ್ಷ ಮಳೆ ನಿಂತ ಮೇಲೆ ಕಟ್ಟು ಬಿಚ್ಚಿ ಅಂಗಳದ ಬಿಸಿಲಿಗೆ ಹರವುತ್ತಿದ್ದೆ. ಹಪ್ಪಳ ಒಣಗಿಸಿದ ಹಾಗೆ ಒಂದೊಂದನ್ನೇ ಮಗುಚಿ ಹಾಕಬೇಕು. ಸಂಜೆ ಮತ್ತೆ ಕಟ್ಟಿ ಮೇಲಿಡುವಾಗ ಮನಸ್ಸಿಗೆ ಬರುತ್ತಿದ್ದದ್ದು ಒಂದೇ. ಮುನ್ನೂರ ಇಪ್ಪತ್ತು ಪ್ರತಿ ಯಾರದೋ ಮನೆಯಲ್ಲಿವೆ. ಯಾರ ಮನೆ? ಓದಿದರೋ ಇಲ್ಲವೋ? ಓದಿದ್ದರೆ ಏನನ್ನಿಸಿತು?

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. 2019ರಲ್ಲಿ ನಿವೃತ್ತಿ ಆಯಿತು. ಮರುವರ್ಷ ಲಾಕ್‌ಡೌನ್ ಬಂತು. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುವ ತಮ್ಮನ ಮಗ ಲ್ಯಾಪ್‌ಟಾಪ್ ಹೊತ್ತುಕೊಂಡು ನಮ್ಮ ಮನೆಗೇ ಬಂದುಬಿಟ್ಟ. ಒಂದು ದಿನ ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬ ಇಳಿಸಲು ಹೋದವನು ಪುಸ್ತಕದ ಕಟ್ಟು ನೋಡಿದ. ಕೆಳಗಿಳಿದು ಬಂದು ಕೇಳಿದ, "ಅತ್ತೆ, ಇದರ ಫೈಲ್ ಎಲ್ಲಿದೆ?"

ಫೈಲ್ ಒಂದು ಸಿಡಿಯಲ್ಲಿತ್ತು. ಡಿಟಿಪಿ ಮಾಡಿದವರು ಅಂದು ಕೊಟ್ಟದ್ದನ್ನು ಜೋಪಾನವಾಗಿ ಎತ್ತಿಟ್ಟಿದ್ದೆ. ಸಿಡಿ ಹಾಕುವ ಕಂಪ್ಯೂಟರ್ ಹುಡುಕುವುದಕ್ಕೇ ಒಂದು ವಾರ ಬೇಕಾಯಿತು. ಕೊನೆಗೆ ನಾನು ಕೆಲಸ ಮಾಡಿದ ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಅದು ತಿರುಗಿತು. ಹನ್ನೆರಡು ಕಥೆಗಳಲ್ಲಿ ಏಳು ಸಿಕ್ಕವು. ಉಳಿದ ಐದರ ಫೈಲು ತೆರೆದುಕೊಳ್ಳಲೇ ಇಲ್ಲ.

ಸಿಕ್ಕ ಏಳನ್ನು ಅವನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ನನಗೆ ಎದೆ ಧಸಕ್ಕೆಂದಿತು. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ 'ಪಿ', ತಲೆ ಮೇಲೆ ಗೀರಿರುವ 'ಎ', ಅದರ ಪಕ್ಕ ಪೌಂಡಿನ ಗುರುತು. ನೂರಾರು ಸಾಲು ಹೀಗೇ. ನಾನು ವರ್ಷಗಟ್ಟಲೆ ಕೂತು ತಿದ್ದಿದ ಕಥೆಗಳು.

ತಮ್ಮನ ಮಗ ಸಮಾಧಾನವಾಗಿ ಬಿಡಿಸಿ ಹೇಳಿದ. ಆ ಕಾಲದ ಡಿಟಿಪಿ ಕೆಲಸವೆಲ್ಲ ನಡೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳಲ್ಲಿ. ಆಗಿನ ಡಿಟಿಪಿ ತಂತ್ರಾಂಶಗಳಿಗೆ ಹೆಚ್ಚಾಗಿ ಅದೇ ದಾರಿ ಇತ್ತು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳು ಇರದಿದ್ದರೆ ನಮ್ಮ ತಲೆಮಾರಿನ ಎಷ್ಟೋ ಪುಸ್ತಕ ಅಚ್ಚೇ ಆಗುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಫಾಂಟು ಇಲ್ಲದ ಕಡೆ ಅಕ್ಷರ, ಯಕ್ಷಗಾನದ ಪಾತ್ರಧಾರಿ ವೇಷ ಕಳಚಿ ಚೌಕಿಗೆ ಬಂದ ಹಾಗೆ. ಯುನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ 'ಕ'ಗೆ ಅದರದ್ದೇ ಒಂದು ಸಂಖ್ಯೆ, 'ಒ'ಗೆ ಅದರದ್ದೇ ಒಂದು ಸಂಖ್ಯೆ. ಯಾವ ಊರಿನ ಯಾವ ಫೋನಿನಲ್ಲಿ ತೆರೆದರೂ ಅದು ಕನ್ನಡವೇ. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತಂತೆ. ನನ್ನ ಪುಸ್ತಕ ಅಚ್ಚಾಗುವ ಇಪ್ಪತ್ತು ವರ್ಷ ಮೊದಲು! ಅದು ನನಗೆ ಗೊತ್ತೇ ಇರಲಿಲ್ಲ. ಅಚ್ಚಾದ ಪುಟ ಚೆನ್ನಾಗಿ ಕಂಡರೆ ಸಾಕು ಅಂದುಕೊಂಡಿದ್ದೆ.

ಹಳೆಯ ಅಕ್ಷರವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಏಳು ಕಥೆ ಹತ್ತು ನಿಮಿಷದಲ್ಲಿ ಬದಲಾದವು. ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ಎಲ್ಲೆಲ್ಲಿ ಅರ್ಕಾವೊತ್ತು ಇತ್ತೋ ಅಲ್ಲೆಲ್ಲ ಎಡವಟ್ಟು. ನಾವು ಕನ್ನಡದಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಬರೆಯುತ್ತೇವೆ, ಆದರೆ ಓದುವಾಗ 'ರ್' ಮೊದಲು ಬರುತ್ತದೆ. ಯುನಿಕೋಡ್ ನಡೆಯುವುದು ಓದುವ ಕ್ರಮದಲ್ಲಿ. ಕೆಲವು ಪುಟಗಳಲ್ಲಿ ಈ ಅದಲು ಬದಲು ಸರಿಯಾಗಿ ಆಗಿರಲಿಲ್ಲ. 'ವರ್ಷ' ಹೋಗಿ 'ವಷ೯' ಆಗಿತ್ತು. 'ಸೂರ್ಯ' 'ಸೂಯ೯' ಆಗಿದ್ದ. ಅದು ಅರ್ಕಾವೊತ್ತಲ್ಲ, ಕನ್ನಡದ ಒಂಬತ್ತು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ನನ್ನ ಕಣ್ಣೂ ಮೊದಲ ಓದಿನಲ್ಲಿ ಅರ್ಧಕ್ಕರ್ಧ ದಾಟಿಸಿಬಿಟ್ಟಿತ್ತು. ಆಮೇಲೆ ಒಂದೊಂದೇ ಪದ ಹುಡುಕಿ ತಿದ್ದಿದೆವು.

ಫೈಲ್ ಸಿಗದ ಐದು ಕಥೆಗೆ ಬೇರೆ ದಾರಿ. ಪುಸ್ತಕದ ಪುಟಗಳನ್ನು ಜಗಲಿಯ ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆದು, ಫೋಟೋದಿಂದ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆವು. ಅದು ಅಕ್ಷರಗಳನ್ನು ಸಾಲು ಸಾಲಾಗಿ ಉದುರಿಸಿಕೊಟ್ಟಿತು. ನನಗೆ ಅದೊಂದು ಪವಾಡದ ಹಾಗೇ ಕಂಡಿತು. ಟೈಪ್ ಮಾಡುವ ಒಂದು ತಿಂಗಳ ಕೆಲಸ ಎರಡು ದಿನಕ್ಕೆ ಇಳಿಯಿತು. ಓದಿದೆ, ತಪ್ಪು ಕಂಡಲ್ಲಿ ತಿದ್ದಿದೆ, ಇನ್ನೊಮ್ಮೆ ಓದಿದೆ. ಸರಿಯಾಗಿದೆ ಅನ್ನಿಸಿತು.

ಇ-ಪುಸ್ತಕ ಅಂದರೆ ಪಿಡಿಎಫ್ ಅಂದುಕೊಂಡಿದ್ದೆ. ತಮ್ಮನ ಮಗ ಬೇಡ ಎಂದ. ಪಿಡಿಎಫ್ ಪುಟ ಅಚ್ಚಿನ ಪುಟದ ಹಾಗೆ ಗಟ್ಟಿ, ಫೋನಿನಲ್ಲಿ ಓದುವವರು ಬೆರಳಲ್ಲಿ ಎಳೆದೆಳೆದು ಆ ಕಡೆ ಈ ಕಡೆ ಸರಿಸಬೇಕು. ಇ-ಪಬ್ ಮಾಡಿದರೆ ಓದುವವರು ಅಕ್ಷರವನ್ನು ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿಕೊಳ್ಳಬಹುದು, ಸಾಲು ತಾನೇ ಹೊಂದಿಕೊಳ್ಳುತ್ತದೆ. ಅರವತ್ತು ದಾಟಿದ ನನ್ನ ಓರಗೆಯವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಆಮೇಲೆ ಗೊತ್ತಾಯಿತು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಕೂಡ ಇ-ಪುಸ್ತಕಕ್ಕೆ ಬೇರೆಯೇ ಬೇಕು, ಅಚ್ಚಿನ ಪುಸ್ತಕದ ಸಂಖ್ಯೆ ಇಲ್ಲಿ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಅರ್ಜಿ ಹಾಕಿ ಕಾಯಬೇಕು ಅಷ್ಟೇ. ಬಂದ ಮೇಲೆ ಗೂಗಲ್ ಪ್ಲೇ ಬುಕ್ಸ್‌ಗೆ, ಕನ್ನಡದ್ದೇ ಆದ ಮೈಲ್ಯಾಂಗ್ ಆಪ್‌ಗೆ ಪುಸ್ತಕ ಏರಿಸಿದೆವು. ಬೆಲೆ ಅರವತ್ತು ರೂಪಾಯಿ. ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಕೊಟ್ಟೆವು. ಯಾಕೆಂದರೆ ಕನ್ನಡ ಪುಸ್ತಕ ಹುಡುಕುವವರೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆದು ಹುಡುಕುವುದು ಜಾಸ್ತಿ.

ಪುಸ್ತಕದ ಕೊನೆಯ ಪುಟಕ್ಕೆ ಏನು ಹಾಕುವುದು ಎಂಬ ಪ್ರಶ್ನೆ ಬಂತು. ಅಲ್ಲಿ ನಾನು ಹಟ ಹಿಡಿದೆ. ನನ್ನ ಫೋನ್ ನಂಬರ್ ಹಾಕಬೇಕು. "ಓದಿ ಏನನ್ನಿಸಿತು, ಹೇಳಿ" ಎಂದು ಒಂದೇ ಸಾಲು. ಮನೆಯಲ್ಲಿ ಎಲ್ಲರೂ ಬೇಡ ಎಂದರು. ಹೆಂಗಸರ ನಂಬರ್ ಊರಿಗೆಲ್ಲ ಕೊಟ್ಟರೆ ಏನಾಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಆದರೆ ನಾನು ಶಾಲೆಯಲ್ಲಿ ಮಕ್ಕಳಿಗೆ ಗಳಗನಾಥರ ವಿಷಯ ಹೇಳುತ್ತಿದ್ದವಳು. ತಾವು ಬರೆದ ಪುಸ್ತಕವನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದವರು ಅವರು. ಜಿ.ಪಿ. ರಾಜರತ್ನಂ ಅವರೂ ಕನ್ನಡ ಪುಸ್ತಕಗಳನ್ನು ಹೊತ್ತು ಮಾರಿದವರೇ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗ ಚಂದಾದಾರರನ್ನೇ ನಂಬಿ ನಿಂತಿತು. ಪುಸ್ತಕ ಬರುವ ಮೊದಲೇ ಅದು ಯಾರ ಮನೆಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಇವರೆಲ್ಲ ಕಷ್ಟಪಟ್ಟರು, ನಿಜ. ಆದರೆ ತಮ್ಮ ಓದುಗರ ಮುಖ ನೋಡಿದರು. ಆ ಭಾಗ್ಯ ನನಗೂ ಬೇಕಿತ್ತು.

ಕೊನೆಗೆ ಹೊಸದೊಂದು ಸಿಮ್ ತಂದು ಆ ನಂಬರ್ ಹಾಕಿದೆವು. ಅಸಭ್ಯ ಮೆಸೇಜು ಎರಡು ಮೂರು ಬಂದವು. ಬ್ಲಾಕ್ ಮಾಡಿದೆ. ಅಷ್ಟಕ್ಕೆ ಆ ಮಾತು ಮುಗಿಯಿತು.

ಮೊದಲ ತಿಂಗಳು ಒಂಬತ್ತು ಜನ ಬರೆದರು. ಒಂಬತ್ತು! ಒಂಬತ್ತು ವರ್ಷದ ಆರು ಪತ್ರವನ್ನು ಒಂದೇ ತಿಂಗಳು ದಾಟಿತ್ತು. ಹೆಚ್ಚಿನವರು ಬರೆದದ್ದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ನಾನು ಎಲ್ಲರಿಗೂ ಕನ್ನಡ ಲಿಪಿಯಲ್ಲೇ ಉತ್ತರ ಕೊಟ್ಟೆ. ಯಾರಿಗೂ ನೀವೂ ಹಾಗೇ ಬರೆಯಿರಿ ಅಂತ ಹೇಳಲಿಲ್ಲ. ನಾಲ್ಕೈದು ಮೆಸೇಜ್ ಆಚೆ ಈಚೆ ಆಗುವಷ್ಟರಲ್ಲಿ ತಾವಾಗಿಯೇ ಕನ್ನಡ ಲಿಪಿಗೆ ಬಂದರು. ನ್ಯೂಜೆರ್ಸಿಯಲ್ಲಿರುವ ಒಬ್ಬ ತಾಯಿ, ಮಗಳಿಗೆ ರಾತ್ರಿ ಒಂದೊಂದೇ ಪುಟ ಓದಿಸುತ್ತಿದ್ದೇನೆ ಎಂದು ಬರೆದರು. ಎಂಟು ವರ್ಷದ ಆ ಹುಡುಗಿಗೆ 'ಕೊಟ್ಟಿಗೆ' ಅಂದರೆ ಏನು ಎಂದು ತಿಳಿಯಲಿಲ್ಲವಂತೆ. ನಮಗೆ ಬೆಳಿಗ್ಗೆ, ಅವರಿಗೆ ರಾತ್ರಿ. ವಿಡಿಯೋ ಕಾಲ್ ಮಾಡಿ ಫೋನನ್ನು ಕೊಟ್ಟಿಗೆಗೇ ತೆಗೆದುಕೊಂಡು ಹೋದೆ. ಹಸು ಫೋನನ್ನು ಮೂಸಿತು. ಆ ಮಗು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ನವೆಂಬರಿನಲ್ಲಿ ಆ ಫೋನ್ ಬಂತು. ಗೊತ್ತಿಲ್ಲದ ನಂಬರ್, ಧಾರವಾಡ ಕಡೆಯ ಮಾತು.

"ನಮಸ್ಕಾರ್ರೀ ಮೇಡಂ. ನಿಮ್ಮ ಪುಸ್ತಕ ಓದೇನಿ. ಕಥಿ ಭಾಳ ಚಲೋ ಅದಾವ್ರೀ. ಆದ್ರ ಒಂದ್ ಮಾತು. ಎಂಟನೇ ಕಥಿಯಿಂದ ಸೊನ್ನಿ ಜಾಸ್ತಿ ಅದಾವು."

ನನಗೆ ಅರ್ಥ ಆಗಲಿಲ್ಲ. ಸೊನ್ನೆ ಅಂದರೆ ಅಂಕಿಯ ಸೊನ್ನೆಯೇ?

"ಹೌದ್ರೀ. 'ಅಂಗಳ' ಅನ್ನೂ ಕಡೆ 'ಅ ಸೊನ್ನೆ ಗಳ' ಅಂತದ. 'ಹೆಂಡತಿ' ಅನ್ನೂ ಕಡೆ 'ಹೆ ಸೊನ್ನೆ ಡತಿ'. ನನಗ ಕಣ್ಣಿಲ್ಲರೀ ಮೇಡಂ. ಫೋನ್ ಓದಿ ಹೇಳ್ತದ, ನಾ ಕೇಳ್ತೀನಿ."

ಸ್ವಲ್ಪ ಹೊತ್ತು ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವರೇ ಎಲ್ಲ ವಿವರಿಸಿದರು. ಬ್ಯಾಂಕಿನಲ್ಲಿ ಕೆಲಸ. ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ. ಪರದೆಯ ಮೇಲಿನ ಅಕ್ಷರವನ್ನು ಅವು ಗಟ್ಟಿಯಾಗಿ ಓದುತ್ತವೆ. ಕನ್ನಡವನ್ನೂ ಓದುತ್ತವೆ, ಆದರೆ ಅಕ್ಷರ ನಿಜವಾದ ಯುನಿಕೋಡ್ ಆಗಿರಬೇಕು. "ಕನ್ನಡ ಪುಸ್ತಕ ಅಂತ ಯಾರರ ಪಿಡಿಎಫ್ ಕಳಸ್ತಾರ್ರೀ. ಅದು ಬರೇ ಫೋಟೋ ಇರ್ತದ. ನಮಗದು ಖಾಲಿ ಹಾಳಿ ಇದ್ದಂಗ" ಎಂದರು. ಹಳೇ ಫಾಂಟಿನ ಫೈಲ್ ಆದರೆ ಯಂತ್ರ ಪಿ, ಎ, ಪೌಂಡು ಎಂದು ಗೊಣಗುತ್ತದಂತೆ. ನನ್ನ ಪುಸ್ತಕ ಪೂರ್ತಿ ಓದಲು ಸಿಕ್ಕಿದ್ದಕ್ಕೆ ಅವರು ಮೂರು ಸಲ ಥ್ಯಾಂಕ್ಸ್ ಹೇಳಿದರು. ಸೊನ್ನೆಗಳ ನಡುವೆಯೂ ಹನ್ನೆರಡು ಕಥೆ ಕೇಳಿ ಮುಗಿಸಿದ್ದರು.

ಆ ರಾತ್ರಿಯೇ ಫೈಲ್ ತೆರೆದೆವು. ಎಂಟರಿಂದ ಹನ್ನೆರಡು, ಅಂದರೆ ಫೋಟೋ ತೆಗೆದು ಮಾಡಿದ ಐದು ಕಥೆ. ಅಕ್ಷರ ಗುರುತಿಸುವಾಗ ಅನುಸ್ವಾರದ 'ಂ' ಬರಬೇಕಾದ ಎಷ್ಟೋ ಕಡೆ ಅಂಕಿಯ '೦' ಬಂದು ಕೂತಿತ್ತು. ಎರಡೂ ದುಂಡಗೆ. ನಾನು ಮೂರು ಸಲ ಓದಿದ್ದೆ, ತಮ್ಮನ ಮಗ ಒಂದು ಸಲ ಓದಿದ್ದ, ನಮ್ಮ ಕಣ್ಣಿಗೆ ಕಂಡಿರಲಿಲ್ಲ. ಕಾಣುವಂಥದ್ದೂ ಅಲ್ಲ ಅದು. ಕಿವಿಗೆ ಮಾತ್ರ ಗೊತ್ತಾಗುವ ತಪ್ಪು. ಹುಡುಕಿದಾಗ ಸಾವಿರದ ಇನ್ನೂರಕ್ಕಿಂತ ಹೆಚ್ಚು ಸೊನ್ನೆ ಸಿಕ್ಕವು.

ಎಲ್ಲ ಸೊನ್ನೆಯನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿಬಿಡೋಣ ಎಂದು ಹೊರಟೆವು. ಮಾಡಿಯೂ ಬಿಟ್ಟೆವು. ಮರುದಿನ ಅವರಿಗೆ ಕಳಿಸಿದರೆ, ಈಗ ವರ್ಷಗಳೆಲ್ಲ ತಪ್ಪು ಎಂದರು. ಒಂದು ಕಥೆಯಲ್ಲಿ '೧೯೭೦' ಎಂದು ಕನ್ನಡ ಅಂಕಿಯಲ್ಲಿತ್ತು. ಅದರ ಕೊನೆಯ ಸೊನ್ನೆಯೂ ಅನುಸ್ವಾರವಾಗಿ ಹೋಗಿತ್ತು. ಕಣ್ಣಿಗೆ ಮತ್ತೆ ಏನೂ ವ್ಯತ್ಯಾಸ ಇಲ್ಲ! ಆಮೇಲೆ ಅಂಕಿಯ ಪಕ್ಕದಲ್ಲಿ ಬಂದ ಅನುಸ್ವಾರಗಳನ್ನು ಬೇರೆಯಾಗಿ ಹುಡುಕಿ, ಏಳು ಜಾಗದಲ್ಲಿ ಸೊನ್ನೆಯನ್ನು ವಾಪಸ್ ತಂದೆವು. ಅವರು ಆ ಐದು ಕಥೆಗಳನ್ನು ಮತ್ತೆ ಪೂರ್ತಿ ಕೇಳಿದರು. ಒಂದು ರವಿವಾರ ಇಡೀ ಕೂತು ಕೇಳಿದರು. ಉಳಿದಿದ್ದ ಒಂದೆರಡು 'ಒಂಬತ್ತು'ಗಳನ್ನೂ ಹಿಡಿದುಕೊಟ್ಟರು.

ತಿದ್ದಿದ ಪ್ರತಿಯನ್ನು ಅಂದೇ ಏರಿಸಿದೆವು. ಮೊದಲು ಕೊಂಡವರೂ ಅದನ್ನು ಮತ್ತೆ ಇಳಿಸಿಕೊಳ್ಳಬಹುದಿತ್ತು. ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದೆ. "ಹೆಸರ ಬ್ಯಾಡ್ರೀ ಮೇಡಂ. ಮುಂದಿನ ಪುಸ್ತಕ ಎಲ್ಲಾರಕಿಂತ ಮೊದ್ಲ ನನಗ ಕಳಸ್ರಿ" ಎಂದರು. ಹಾಗೇ ಮಾಡುತ್ತಿದ್ದೇನೆ. ಈಗ ನಾನು ಏನೇ ಬರೆದರೂ ಮೊದಲು ಹೋಗುವುದು ಧಾರವಾಡಕ್ಕೆ.

ಫೋನ್ ಇಡುವ ಮೊದಲು ಅವರು ಇನ್ನೊಂದು ಮಾತು ಹೇಳಿದ್ದರು. ಯಂತ್ರ ಓದುವಾಗ ಅಳುವ ಮಾತೂ ಒಂದೇ, ನಗುವ ಮಾತೂ ಒಂದೇ. "ನೀವ ಓದ್ರಲ್ಲ ಮೇಡಂ. ನಿಮ್ಮ ದನಿಯೊಳಗ."

ಮಲೆನಾಡಿನ ಹಂಚಿನ ಮನೆಯಲ್ಲಿ ದನಿ ಮುದ್ರಿಸುವುದು ಹೇಳಿದಷ್ಟು ಸುಲಭ ಅಲ್ಲ. ಜೂನಿಂದ ಸೆಪ್ಟೆಂಬರ್ ತನಕ ಆಗುವುದೇ ಇಲ್ಲ. ಹಂಚಿನ ಮೇಲೆ ಮಳೆ ಬೀಳುವಾಗ ಎದುರು ಕೂತವರ ಮಾತೂ ಕೇಳಿಸದು. ಮಳೆ ಹೋದ ಮೇಲೆ ಜೀರುಂಡೆ. ಹಗಲಿಗೆ ಪಂಪ್‌ಸೆಟ್ಟು, ಬೈಕು, ಪಕ್ಕದ ಮನೆಯ ಟಿವಿ. ಕೊನೆಗೆ ಬೆಳಗಿನ ಜಾವ ನಾಲ್ಕು ಗಂಟೆ ಎಂದು ನಿಶ್ಚಯ ಆಯಿತು. ಜಾಗ ಉಗ್ರಾಣ. ಅಲ್ಲಿ ಕಿಟಕಿ ಇಲ್ಲ. ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿ, ಮೂಲೆಯಲ್ಲಿ ಹಳೇ ಹಾಸಿಗೆ. ಗೋಡೆಗೆ ಎರಡು ಕರಿ ಕಂಬಳಿ ಇಳಿಬಿಟ್ಟೆವು, ದನಿ ಮರುಮೊಳಗುವುದು ನಿಂತಿತು. ಮಣೆಯ ಮೇಲೆ ಫೋನು, ಕಾಲರಿಗೆ ಸಿಕ್ಕಿಸುವ ಒಂದು ಸಣ್ಣ ಮೈಕು.

ಮೊದಲ ಕಥೆ ಓದಿ ಮುಗಿಸಿದೆ. ತಮ್ಮನ ಮಗ ಕೇಳಿ ತಲೆ ಆಡಿಸಿದ. "ಅತ್ತೆ, ನೀನು ಪಾಠ ಮಾಡ್ತಿದ್ದೀಯ. ಕಥೆ ಹೇಳು." ನಿಜ. ಕೊನೆಯ ಬೆಂಚಿನ ಹುಡುಗನಿಗೂ ಕೇಳಿಸಬೇಕು ಎಂದು ಪ್ರತಿ ಪದವನ್ನೂ ಒತ್ತಿ ಓದಿದ್ದೆ. ಮೂವತ್ತು ವರ್ಷದ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ಆಮೇಲೆ ಧಾರವಾಡದ ಆ ಓದುಗರು ಎದುರಿಗೆ ಕೂತಿದ್ದಾರೆ, ಅವರೊಬ್ಬರಿಗೇ ಹೇಳುತ್ತಿದ್ದೇನೆ ಎಂದುಕೊಂಡು ಓದಿದೆ. ದನಿ ತಾನಾಗಿಯೇ ಇಳಿಯಿತು. ಒಂದು ಕಥೆಗೆ ಇಪ್ಪತ್ತೈದು ಮೂವತ್ತು ನಿಮಿಷ ಹಿಡಿಯುತ್ತಿತ್ತು. ಕೆಮ್ಮು, ತಪ್ಪು ಓದು, ಹುಂಜದ ಕೂಗು, ಇವನ್ನೆಲ್ಲ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕತ್ತರಿಸಲು ನಾನೇ ಕಲಿತೆ. ದನಿ ಅಲ್ಲಿ ಗೆರೆಯಾಗಿ ಕಾಣುತ್ತದೆ. ಉಸಿರು ತೆಗೆದುಕೊಂಡ ಜಾಗ ಸಣ್ಣ ಗುಡ್ಡದ ಹಾಗೆ. ಉಸಿರನ್ನು ಮಾತ್ರ ಎಲ್ಲೂ ಕತ್ತರಿಸಲಿಲ್ಲ. ಕಥೆ ಹೇಳುವವರು ಉಸಿರಾಡಬೇಕಲ್ವಾ.

ಪ್ರತಿ ಭಾನುವಾರ ಒಂದು ಕಥೆ, ವಾಟ್ಸಾಪಿನಲ್ಲಿ. ಗುಂಪು ಮಾಡಲಿಲ್ಲ. ಗುಂಪು ಮಾಡಿದರೆ ಶುಭೋದಯದ ಹೂವುಗಳ ನಡುವೆ ಕಥೆ ಮುಳುಗಿ ಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ. ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುವುದು. ಈ ನಿಯಮ ನನಗೆ ತುಂಬಾ ಇಷ್ಟ. ಬೇಕು ಎಂದು ಹೆಸರು ಬರೆದಿಟ್ಟುಕೊಂಡವರಿಗಷ್ಟೇ ಕಥೆ ಹೋಗುತ್ತದೆ. ಉತ್ತರ ಬರೆದರೆ ಅದು ನನಗೊಬ್ಬಳಿಗೇ ಕಾಣುತ್ತದೆ, ಹಳೆಯ ಇನ್‌ಲ್ಯಾಂಡ್ ಲೆಟರಿನ ಹಾಗೇ.

ಕೇಳಿದವರು ದನಿಯಲ್ಲೇ ಉತ್ತರ ಕಳಿಸತೊಡಗಿದರು. ಬ್ಯಾಡಗಿಯಿಂದ ಮೆಣಸಿನಕಾಯಿ ಹೊತ್ತು ಹೋಗುವ ಲಾರಿಯ ಚಾಲಕರೊಬ್ಬರು ನಾಲ್ಕು ನಿಮಿಷ ಮಾತಾಡಿದ್ದರು. ಹಿಂದೆ ಇಂಜಿನ್ನಿನ ಸದ್ದು. ಒಂದು ಕಥೆಯಲ್ಲಿ ತಾಯಿ ಮಗನ ಬುತ್ತಿಗೆ ಮೊಸರನ್ನ ಕಟ್ಟುತ್ತಾಳೆ. ಆ ಜಾಗ ಬಂದಾಗ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿ ಮನೆಗೆ ಫೋನ್ ಮಾಡಿದೆ ಎಂದರು. ಈ ಮಾತು ಪತ್ರದಲ್ಲಿ ಬರುತ್ತಿತ್ತೇ? ಅವರು ಪತ್ರ ಬರೆಯುವವರಲ್ಲ. ಪುಸ್ತಕ ಕೊಳ್ಳುವವರೂ ಅಲ್ಲ, ಅದನ್ನು ಅವರೇ ಹೇಳಿದರು.

ದುಡ್ಡಿನ ಮಾತು ಕೇಳುವವರಿದ್ದಾರೆ. ಇ-ಪುಸ್ತಕದಿಂದ ಬಂದದ್ದು ಅಚ್ಚಿನ ಖರ್ಚಿನ ಕಾಲು ಭಾಗವೂ ಇಲ್ಲ. ದನಿಯ ಕಥೆಗೆ ನಾನು ದುಡ್ಡು ಕೇಳಿಲ್ಲ. ಆದರೆ ಕೇಳಿದವರು ಅಚ್ಚಿನ ಪ್ರತಿ ಬೇಕೆಂದು ತರಿಸಿಕೊಂಡು, ಅಟ್ಟದ ನೂರಾ ಎಂಬತ್ತರಲ್ಲಿ ನೂರಾ ಹತ್ತು ಪ್ರತಿ ಅಂಚೆಯಲ್ಲಿ ಹೊರಟವು. ನಾನೇ ಸುತ್ತಿ, ನಾನೇ ವಿಳಾಸ ಬರೆದೆ. ಎಲ್ಲರ ಹೆಸರೂ ಈಗ ನನಗೆ ಗೊತ್ತು.

ಇನ್ನು ದೊಡ್ಡಕ್ಕನ ವಿಷಯ.

ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾದರೆ ಸುಲಿಯುವವರು ಸಂಜೆಗೆ ಬರುತ್ತಾರೆ. ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ನಡುರಾತ್ರಿ ತನಕ ಹಸಿ ಅಡಿಕೆ ಸುಲಿಯುತ್ತಾರೆ. ಡಬ್ಬದ ಲೆಕ್ಕದಲ್ಲಿ ಕೂಲಿ. ದೊಡ್ಡಕ್ಕ ಎಂದು ಊರೆಲ್ಲ ಕರೆಯುವ ಹೆಂಗಸು ನಮ್ಮ ಮನೆಗೆ ನನ್ನ ತಾಯಿಯ ಕಾಲದಿಂದ ಬರುತ್ತಿದ್ದಾರೆ. ನನ್ನ ಸಂಕಲನದ ಮೂರನೇ ಕಥೆ ಒಬ್ಬ ಅಡಿಕೆ ಸುಲಿಯುವ ಹೆಂಗಸಿನದ್ದು. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಆದರೆ ಬರೆಯುವಾಗ ನನ್ನ ಕಣ್ಣಮುಂದೆ ಇದ್ದದ್ದು ದೊಡ್ಡಕ್ಕನೇ. ಅವರಿಗೆ ಓದು ಬರಹ ಬರದು. ಪುಸ್ತಕ ಬಂದಾಗ ಒಂದು ಪ್ರತಿ ಕೈಗಿಟ್ಟಿದ್ದೆ. ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟಿದ್ದರು.

ಆ ವರ್ಷದ ಸುಲಿತದಲ್ಲಿ ಒಂದು ರಾತ್ರಿ ಅವರ ಮೊಮ್ಮಗ ಫೋನಿನಲ್ಲಿ ಆ ಕಥೆ ಹಾಕಿದ. ಭಾನುವಾರ ನಾನು ಕಳಿಸಿದ್ದು ಯಾರಿಂದಲೋ ಅವನಿಗೂ ಬಂದಿತ್ತು. ನಾನು ಒಳಗೆ ಚಹಾ ಮಾಡುತ್ತಿದ್ದೆ. ಹೊರಗಿನಿಂದ ನನ್ನದೇ ದನಿ ಕೇಳಿಸಿತು, ಜೊತೆಗೆ ಅಡಿಕೆ ಸಿಪ್ಪೆ ಬಿಡುವ ಸದ್ದು. ಚಹಾ ತೆಗೆದುಕೊಂಡು ಹೋಗಲು ಧೈರ್ಯ ಬರಲಿಲ್ಲ. ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಹಾ ಕೊಡಲು ಹೋದಾಗ ದೊಡ್ಡಕ್ಕ ಲೋಟ ತೆಗೆದುಕೊಳ್ಳಲಿಲ್ಲ.

"ಟೀಚ್ರಮ್ಮ, ಕಥೆ ಚೆನ್ನಾಗಿದೆ. ನಮ್ಮನೆ ಕಥೆನೇ ಇದ್ದಂಗಿದೆ. ಆದ್ರೆ ಅವಳ ಕೈ ಕೆಂಪು ಅಂದ್ರಲ್ಲ, ಅದು ತಪ್ಪು."

ಕಥೆಯಲ್ಲಿ ಅವಳ ಕೈ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನಿಂದ, ಕೆಂಪಾಗಿತ್ತು ಎಂದು ಬರೆದಿದ್ದೆ. ಮದುವೆ ಮನೆಯಲ್ಲಿ ಮದರಂಗಿ ಹಚ್ಚಿದ ಕೈಗಳ ನಡುವೆ ಅವಳ ಕೆಂಪು ಕೈ ಎಂದು ಹೋಲಿಸಿದ್ದೆ. ಆ ಹೋಲಿಕೆಯನ್ನು ವಿಮರ್ಶೆ ಬರೆದವರೊಬ್ಬರು ಮೆಚ್ಚಿದ್ದರು ಕೂಡ.

"ಕೆಂಪಾಗೋದು ಬೇಯ್ಸೋರ ಕೈ. ಚೊಗರು ಇರೋದು ಹಂಡೇಲಿ. ಸುಲಿಯೋರ ಕೈ ಕಪ್ಪು. ನೋಡಿ ಇಲ್ಲಿ" ಎಂದು ಎರಡೂ ಅಂಗೈ ಬಲ್ಬಿನ ಬೆಳಕಿಗೆ ಚಾಚಿದರು. ಹಸಿ ಸಿಪ್ಪೆಯ ಕರೆ ಕೂತು ಬೆರಳಿನ ಗೆರೆಗಳೆಲ್ಲ ಕಪ್ಪಾಗಿದ್ದವು. ಉಗುರಿನ ಬುಡ ಇನ್ನೂ ಕಪ್ಪು. "ಹುಣಸೆಹುಳಿ ಹಾಕಿ ತಿಕ್ಕಿದ್ರೂ ಹೋಗಲ್ಲ. ಮದುವೆ ಮನೇಲಿ ಇದನ್ನ ಯಾರು ಮದರಂಗಿ ಅಂತಾರೆ? ಸೆರಗಲ್ಲಿ ಮುಚ್ಕೋತೀವಿ ನಾವು."

ಐವತ್ತು ವರ್ಷ ಅದೇ ಅಂಗಳದಲ್ಲಿ ಓಡಾಡಿದ್ದೇನೆ. ಆ ಕೈಗಳಿಗೆ ಚಹಾ ಕೊಟ್ಟಿದ್ದೇನೆ, ಕೂಲಿ ಕೊಟ್ಟಿದ್ದೇನೆ. ನೋಡಿರಲಿಲ್ಲ. ಪುಸ್ತಕ ಕೊಂಡವರಲ್ಲಿ, ವಿಮರ್ಶೆ ಬರೆದವರಲ್ಲಿ, ಆ ಆರು ಪತ್ರಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಗೊತ್ತಿದ್ದವರ ಹತ್ತಿರ ಕಥೆ ಹೋಗಿಯೇ ಇರಲಿಲ್ಲ. ಹೋಗಿದ್ದು ದೇವರ ಗೂಡಿನವರೆಗೆ ಮಾತ್ರ. ಈ ಫೋನು ಬರುವ ತನಕ.

ಮರುದಿನ ಆ ಪುಟ ತಿದ್ದಲು ಕೂತೆ. ಪದ ಬದಲಿಸಿದರೆ ಸಾಲದು ಎಂದು ಕೂತ ಮೇಲೆ ಗೊತ್ತಾಯಿತು. ಕೈ ಕಪ್ಪಾದರೆ ಮದುವೆ ಮನೆಯ ಇಡೀ ದೃಶ್ಯವೇ ಬೇರೆ. ಅವಳು ಬಡಿಸಲು ನಿಲ್ಲುವುದಿಲ್ಲ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹಿತ್ತಲ ಕಡೆ ಕೂರುತ್ತಾಳೆ. ಎರಡು ಪುಟ ಹೊಸದಾಗಿ ಬರೆದೆ. ಧಾರವಾಡಕ್ಕೆ ಕಳಿಸಿದೆ. ಅವರು ಕೇಳಿ, "ಈಗ ಕೈ ಕಂಡ್ವು ನೋಡ್ರಿ" ಎಂದರು. ಅದನ್ನು ಕೇಳಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಇ-ಪುಸ್ತಕ ಒಂದು ದಿನದಲ್ಲಿ ಬದಲಾಯಿತು. ದನಿಯನ್ನು ಬೆಳಗಿನ ಜಾವ ಎದ್ದು ಮತ್ತೆ ಮುದ್ರಿಸಿದೆ. ಅಟ್ಟದಲ್ಲಿ ಉಳಿದ ಎಪ್ಪತ್ತು ಪ್ರತಿಗೆ ಆ ಎರಡು ಪುಟ ಬೇರೆ ಅಚ್ಚು ಮಾಡಿಸಿ, ಅಂಟು ಹಚ್ಚಿ ಒಳಗೆ ಸೇರಿಸಿದೆ. ಅಂಚೆಯಲ್ಲಿ ಹೋದ ನೂರಾ ಹತ್ತು ಪ್ರತಿಯವರ ನಂಬರ್ ನನ್ನ ಹತ್ತಿರ ಇದೆ, ಅವರಿಗೆಲ್ಲ ಹೊಸ ಪುಟ ವಾಟ್ಸಾಪಿನಲ್ಲಿ ಕಳಿಸಿದೆ. 2011ರಲ್ಲಿ ಕೊಂಡ ಆ ಮುನ್ನೂರ ಇಪ್ಪತ್ತು ಮನೆಗಳಲ್ಲಿ ಅವಳ ಕೈ ಇನ್ನೂ ಕೆಂಪಾಗಿಯೇ ಇದೆ. ಅವರನ್ನು ನಾನು ಹೇಗೆ ಹುಡುಕಲಿ?

ಈಗ ಎರಡನೇ ಸಂಕಲನದ ಕೆಲಸ ನಡೆದಿದೆ. ಬರೆದ ಕಥೆಯನ್ನು ಮೊದಲು ಧಾರವಾಡಕ್ಕೆ ಕಳಿಸುತ್ತೇನೆ, ಅದೇ ದಿನ ದನಿಯಲ್ಲಿ ಓದಿ ದೊಡ್ಡಕ್ಕನ ಮೊಮ್ಮಗನಿಗೂ ಕಳಿಸುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ಹಾಗಾಗಿ ಕೆಲವು ಸಲ ಕಥೆ ಅವರ ಮನೆ ಮುಟ್ಟಲು ಮೂರು ದಿನ ಆಗುವುದೂ ಇದೆ. ನಮ್ಮ ಮನೆಯಿಂದ ಅವರ ಮನೆಗೆ ನಡೆದರೆ ಹತ್ತು ನಿಮಿಷ.

ನಿನ್ನೆ ಸಂಜೆ ಮೊಮ್ಮಗನ ಫೋನಿನಿಂದ ದೊಡ್ಡಕ್ಕ ತಾವೇ ಮಾತಾಡಿ ಕಳಿಸಿದ್ದಾರೆ. ಹಿಂದೆ ಮಳೆಯ ಸದ್ದು ಜೋರಾಗಿದೆ, ಎರಡು ಸಲ ಕೇಳಿದ ಮೇಲೆ ತಿಳಿಯಿತು. "ಟೀಚ್ರಮ್ಮ, ಕೇಳಿದೆ. ಇದ್ರಲ್ಲೂ ಒಂದು ತಪ್ಪಿದೆ. ಫೋನಲ್ಲಿ ಹೇಳೋವಂಥದ್ದಲ್ಲ. ಮಳೆ ಬಿಟ್ಮೇಲೆ ಮನೆಗೆ ಬನ್ನಿ."

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಛತ್ರಿ ತೆಗೆದಿಟ್ಟುಕೊಂಡಿದ್ದೇನೆ.